ಶುಕ್ರವಾರ ತೆಗೆಯದ ಫೋಟೋಗಳು

ಬೆಂಗಳೂರಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಒಂದೋ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಖಜಾಂಚಿಯಾಗಿ ಮಿಕ್ಕವರ ನಿದ್ದೆ ಕೆಡಿಸುತ್ತಾರೆ, ಇಲ್ಲವೇ ಕ್ಯಾಮೆರಾ ಕೊಳ್ಳುತ್ತಾರೆ. ನಮ್ಮ ಭಾವನದು ಹನುಮಂತನಗರದಲ್ಲಿ ಸ್ವಂತ ಮನೆ. ಅಸೋಸಿಯೇಷನ್ ಇಲ್ಲ. ಹಾಗಾಗಿ ಕ್ಯಾಮೆರಾ.

ದಿನಾ ಬೆಳಗ್ಗೆ ಆರೂವರೆಗೆ ಅದನ್ನು ಕೊರಳಿಗೆ ನೇತುಹಾಕಿಕೊಂಡು ಹೊರಟುಬಿಡುತ್ತಾರೆ. 'ಆ ಹೊತ್ತಿನ ಲೈಟೇ ಲೈಟು' ಅನ್ನುತ್ತಾರೆ. ಅಕ್ಕನಿಗೂ ಸಮಾಧಾನ. ಶುಗರ್ ನೋಡುವ ಡಾಕ್ಟರು ಕಡ್ಡಾಯವಾಗಿ ನಡೆಯಬೇಕು, ಎಣ್ಣೆ ತುಪ್ಪದ ತಂಟೆಗೆ ಹೋಗಕೂಡದು ಅಂದಿದ್ದರು. ಭಾವ ನಡೆಯುತ್ತಿದ್ದರು. ಮನೆಗೆ ಬಂದು, ಅಕ್ಕ ಕೊಟ್ಟ ಓಟ್ಸ್ ಗಂಜಿಯನ್ನು ಎರಡೇ ಚಮಚಕ್ಕೆ ಸಾಕು ಮಾಡಿ, 'ಈಚೆಗೆ ಹಸಿವೇ ಇಲ್ಲ ಕಣೇ' ಅನ್ನುತ್ತಿದ್ದರು. ಅಕ್ಕ ಅದನ್ನು ವೈರಾಗ್ಯ ಅಂದುಕೊಂಡಿದ್ದಳು.

ತೊಂದರೆ ಶುರುವಾದದ್ದು ಹೆಸರಿನ ಮುಂದಿನ ಅಕ್ಷರಗಳಿಂದ. ಈ ಊರಿನಲ್ಲಿ ಕ್ಯಾಮೆರಾ ಹಿಡಿದವರಿಗೆ ಅಕ್ಷರಗಳ ಆಸೆ ಬಹಳ. ಇಂಗ್ಲೆಂಡಿನಲ್ಲಿ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಅಂತ 1853ರಲ್ಲಿ ಹುಟ್ಟಿದ ಸಂಸ್ಥೆಯಿದೆ. ಅದು ಕೊಡುವ ಎಲ್.ಆರ್.ಪಿ.ಎಸ್. ಅನ್ನುವ ಬಿರುದಿಗೆ 10 ಚಿತ್ರ ಸಾಕು. ಬೆಕ್ಕು, ಬೆಟ್ಟ, ಬಸ್ಸು, ಏನಾದರೂ ಇರಲಿ, ಕೈ ಪಳಗಿದೆ ಅಂತ ತೋರಿಸಿದರಾಯಿತು. ಮುಂದಿನ ಮೆಟ್ಟಿಲು ಎ.ಆರ್.ಪಿ.ಎಸ್.ಗೆ 15 ಚಿತ್ರ ಬೇಕು, ಹದಿನೈದೂ ಒಂದೇ ಮಾತು ಆಡಬೇಕು, ಆ ಮಾತು ಏನು ಅಂತ ಪುಟ್ಟದೊಂದು ಹೇಳಿಕೆಯನ್ನೂ ಬರೆದುಕೊಡಬೇಕು. ಭಾವ ತಮ್ಮ ಫೋಟೋಗಳನ್ನು ಒಬ್ಬ ಹಿರಿಯ ಛಾಯಾಗ್ರಾಹಕರಿಗೆ ತೋರಿಸಿದರು. 'ಒಂದೊಂದೂ ಚೆನ್ನಾಗಿದೆ ಸಾರ್, ಆದರೆ ಎಲ್ಲಕ್ಕೂ ಸೇರಿ ಒಂದು ಎಳೆ ಕಾಣ್ತಿಲ್ಲ' ಅಂದರಂತೆ ಅವರು.

'ನೀನು ಬರೆಯೋ ಜನ ಕಣಯ್ಯಾ, ಹುಡುಕಿಕೊಡು' ಅಂತ ನನ್ನನ್ನು ಕರೆಸಿದರು. ಮನೆತನದಲ್ಲಿ ಮದುವೆ ಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು, ಮನೆ ಬಾಡಿಗೆಗಿದೆ ಬೋರ್ಡು, ಎಲ್ಲದರ ಸಾಹಿತ್ಯ ವಿಭಾಗ ನನ್ನದೇ.

ಹಾಲ್‌ನಲ್ಲಿ ಸೋಫಾ ಎಳೆದು ಬದಿಗಿಟ್ಟು ಚಿತ್ರಗಳನ್ನು ನೆಲದ ಮೇಲೆ ಹರಡಿದೆವು. ಗಾಂಧಿ ಬಜಾರಿನಲ್ಲಿ ಮಾರುಗೈಯಲ್ಲಿ ಹೂ ಅಳೆಯುತ್ತಿರುವ ಹೆಂಗಸು. ಲಾಲ್‌ಬಾಗಿನ ಬಂಡೆಯ ಮೇಲೆ ಕೈ ಬೀಸಿ ಬೀಸಿ ನಡೆಯುವ ಹಿರಿಯರು. ಮಲ್ಲೇಶ್ವರದ ಹಳೇ ಬಂಗಲೆಯ ಗೇಟಿನ ಮೇಲೆ ಬೆಕ್ಕು. ಶಂಕರಪುರದಲ್ಲಿ ಸ್ಕೂಟರಿನ ಸೀಟಿನ ಮೇಲೆ ಪೇಪರ್ ಹರವಿಕೊಂಡು ಓದುತ್ತಿರುವವರು.

ನಾನು ಗಂಟಲು ಸರಿಮಾಡಿಕೊಂಡು 'ಏಕಾಂತ' ಅಂದೆ. ಅಕ್ಕ ಬಗ್ಗಿ ನೋಡಿ, 'ಇದರಲ್ಲಿ ಬಸ್‌ಸ್ಟಾಪ್ ತುಂಬ ಜನ ಇದಾರಲ್ಲೋ' ಅಂದಳು. 'ಶ್ರಮ' ಅಂದೆ. ಬೆಕ್ಕನ್ನು ತೋರಿಸಿದಳು. 'ಬದಲಾಗುತ್ತಿರುವ ಬೆಂಗಳೂರು' ಅನ್ನುವುದು ಕೊನೆಯ ಅಸ್ತ್ರ. ಅದು ತಪ್ಪಾಗುವ ಪ್ರಶ್ನೆಯೇ ಇಲ್ಲ. ಈ ಊರಿನಲ್ಲಿ ಆರು ತಿಂಗಳು ಹಳತಾದ ಯಾವ ಫೋಟೋ ತೆಗೆದರೂ ಅದರಲ್ಲಿರುವ ಅರ್ಧ ರಸ್ತೆ ಈಗ ಇರುವುದಿಲ್ಲ. ಆದರೆ ಎಲ್ಲರೂ ಅದನ್ನೇ ಬರೆಯುತ್ತಾರೆ ಅಂತ ಭಾವ ಮುಖ ಸಿಂಡರಿಸಿದರು.

ಒಂದು ವಿಷಯ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ಕೆಲವು ಚಿತ್ರಗಳಲ್ಲಿ ಬೆಳಕಿಗೆ ಒಂದು ಮಂದ ಪ್ರಭೆ. ಬೀದಿದೀಪದ ಸುತ್ತ, ಬೆಕ್ಕಿನ ಮೀಸೆಯ ಸುತ್ತ, ಬೆಳಕು ಹಾಲಿನಂತೆ ಹರಡಿಕೊಂಡಿದೆ. ನೂರು ವರ್ಷದ ಹಿಂದೆ ಫೋಟೋವನ್ನು ಪೇಂಟಿಂಗಿನ ಹಾಗೆ ಕಾಣಿಸಲು ಒದ್ದಾಡುತ್ತಿದ್ದ ಪಿಕ್ಟೋರಿಯಲಿಸ್ಟರ ಚಿತ್ರಗಳಲ್ಲಿ ಇಂಥದ್ದಿರುತ್ತದೆ. 'ಇದು ಹೇಗೆ ಮಾಡಿದ್ರಿ ಭಾವ?' ಅಂದೆ. 'ಅದು ಹಾಗೇ ಬರುತ್ತಪ್ಪ' ಅಂದರು, ಬಹಳ ವಿನಯದಿಂದ.

ಅಷ್ಟು ಹೊತ್ತಿಗೆ ಪುಟ್ಟಿ ಕೋಣೆಯಿಂದ ಲ್ಯಾಪ್‌ಟಾಪ್ ಹಿಡಿದು ಬಂದಳು. ಅಕ್ಕನ ಮಗಳು, ಕೆಲಸ ಸಾಫ್ಟ್‌ವೇರು. 'ಫೋಟೋ ಯಾಕೆ ನೋಡ್ತೀರ ಮಾಮ, ಡೇಟಾ ನೋಡಿ' ಅಂದಳು. ಡಿಜಿಟಲ್ ಕ್ಯಾಮೆರಾ ಪ್ರತಿ ಚಿತ್ರದ ಹೊಟ್ಟೆಯೊಳಗೆ ತಾರೀಕು, ಗಂಟೆ, ನಿಮಿಷ, ಷಟರ್ ವೇಗ, ಯಾವ ಲೆನ್ಸು ಎಲ್ಲವನ್ನೂ ಬರೆದಿಟ್ಟಿರುತ್ತದೆ. ಎಕ್ಸಿಫ್ ಅನ್ನುತ್ತಾರೆ. ಭಾವನಿಗೆ ಅದು ಗೊತ್ತಿತ್ತು. ಅದನ್ನು ಮಗಳೂ ಓದಬಲ್ಲಳು ಅನ್ನುವುದು ಹೊಳೆದಿರಲಿಲ್ಲ.

ಪುಟ್ಟಿ ಎಲ್ಲವನ್ನೂ ಬಡಾವಣೆ ಮತ್ತು ವಾರದ ಪ್ರಕಾರ ಜೋಡಿಸಿದಳು. 'ಇಂಟರೆಸ್ಟಿಂಗ್. ಗಾಂಧಿ ಬಜಾರಿನಲ್ಲಿ ಒಂದೇ ಒಂದು ಶುಕ್ರವಾರದ ಫೋಟೋ ಇಲ್ಲ.'

'ಶುಕ್ರವಾರ ಹೂವಿನ ರಶ್ಶು' ಅಂದರು ಭಾವ.

'ರಶ್ಶಿದ್ದರೆ ತಾನೇ ಫೋಟೋ?' ಅಂದೆ ನಾನು, ಸುಮ್ಮನಿರಲಾರದೆ.

'ಲಾಲ್‌ಬಾಗಿನಲ್ಲಿ ಸೋಮವಾರ ಇಲ್ಲ. ಶಂಕರಪುರದಲ್ಲಿ ಭಾನುವಾರ ಇಲ್ಲ. ಇನ್ನೊಂದು ವಿಷ್ಯ, ಅಪ್ಪ ಆರೂವರೆಗೆ ಮನೆ ಬಿಡ್ತಾರೆ, ಆದ್ರೆ ಮೊದಲನೇ ಕ್ಲಿಕ್ ಏಳೂ ಇಪ್ಪತ್ತಕ್ಕೆ. ಗಾಂಧಿ ಬಜಾರಿನಲ್ಲಿ ಭಾನುವಾರ ಮಾತ್ರ ಎಂಟೂವರೆ ಆಗ್ತಿದೆ.'

ಅಕ್ಕ ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯಲ್ಲಿ. ಅವಳಿಗೆ ಲ್ಯಾಪ್‌ಟಾಪ್ ಬೇಕಿರಲಿಲ್ಲ. ಹೂ ಕಟ್ಟುತ್ತಿದ್ದ ದಾರವನ್ನು ಕೆಳಗಿಟ್ಟು ಬೆರಳು ಮಡಿಸತೊಡಗಿದಳು. 'ಶುಕ್ರವಾರ ಗಾಂಧಿ ಬಜಾರಿನ ದೋಸೆ ಹೋಟೆಲು ವಿದ್ಯಾರ್ಥಿ ಭವನ ರಜ. ಸೋಮವಾರ ಲಾಲ್‌ಬಾಗ್ ರಸ್ತೆ ಎಂ.ಟಿ.ಆರ್. ಹೋಟೆಲು ರಜ. ಭಾನುವಾರ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಬಾಗಿಲು ಹಾಕಿರುತ್ತೆ. ಭಾನುವಾರ ವಿದ್ಯಾರ್ಥಿ ಭವನದ ಮುಂದೆ ಕ್ಯೂ ಉದ್ದ, ಅದಕ್ಕೇ ಎಂಟೂವರೆ.' ಆಮೇಲೆ ಗಂಡನ ಕಡೆ ತಿರುಗಿ, 'ರೀ, ಮಲ್ಲೇಶ್ವರಕ್ಕೆ ಮೆಟ್ರೋ ಹತ್ತಿ ಹೋಗ್ತಿದ್ದಿದ್ದು ಈ ಬೆಕ್ಕಿಗೋಸ್ಕರಾನಾ, ಸಿ.ಟಿ.ಆರ್. ಬೆಣ್ಣೆ ಮಸಾಲೆಗೋಸ್ಕರಾನಾ?'

ಪುಟ್ಟಿ ಆಗಲೇ ಎದ್ದುಹೋಗಿ ಕ್ಯಾಮೆರಾ ತಂದಿದ್ದಳು. ಲೆನ್ಸಿನ ಮುಂದೆ ಗೀರು ಬೀಳದಿರಲಿ ಅಂತ ಹಾಕಿದ್ದ ಫಿಲ್ಟರನ್ನು ತಿರುಗಿಸಿ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದಳು. ಗಾಜಿನ ಎಡಭಾಗದಲ್ಲಿ ಒಂದು ಹೆಬ್ಬೆರಳು. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲೂ ಅಷ್ಟು ಸ್ಪಷ್ಟವಾಗಿ ಬಂದಿರಲಿಕ್ಕಿಲ್ಲ. ಸುಳಿ, ಗೆರೆ, ಗಾಯದ ಗುರುತು, ಎಲ್ಲ ಇತ್ತು. ಸುತ್ತ ಜಿಡ್ಡು. ಪಕ್ಕದಲ್ಲಿ ಅಂಗಿಯ ತುದಿಯಲ್ಲಿ ಒರೆಸಿದ ಅರ್ಧಚಂದ್ರ. ಹಿಂದಿನ ಕಾಲದ ಫೋಟೋಗ್ರಾಫರು ಮದುಮಗಳ ಮುಖ ಮೃದುವಾಗಿ ಬರಲಿ ಅಂತ ಗಾಜಿಗೆ ಬೇಕೆಂದೇ ವ್ಯಾಸಲೀನ್ ಸವರುತ್ತಿದ್ದರು. ಭಾವ ಅದೇ ಕೆಲಸವನ್ನು ಬೆಣ್ಣೆಯಲ್ಲಿ ಮಾಡಿದ್ದರು. ಮತ್ತೆ ಚಿತ್ರಗಳನ್ನು ನೋಡಿದೆವು. ಬ್ರಾಹ್ಮಿನ್ಸ್‌ನಲ್ಲಿ ಇಡ್ಲಿ ತಿಂದ ದಿನಗಳ ಶಂಕರಪುರ ಚಾಕು ಹಿಡಿದು ಕೊರೆದಷ್ಟು ಸ್ಪಷ್ಟ. ಪ್ರಭೆಯೆಲ್ಲ ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದಲ್ಲಿ. ಬೆಕ್ಕಿನ ಮೀಸೆಯ ದಿವ್ಯಜ್ಯೋತಿ ಶುದ್ಧ ಬೆಣ್ಣೆ ಮಸಾಲೆ.

ಭಾವನ ಮುಖ ನೋಡಲಾಗಲಿಲ್ಲ. ನನಗೆ ಮಾತ್ರ ಒಳಗೊಳಗೇ ಖುಷಿ, ಎಳೆ ಸಿಕ್ಕಿಬಿಟ್ಟಿತಲ್ಲ. ದೊಡ್ಡ ದೊಡ್ಡವರದ್ದೂ ಸಿಕ್ಕಿದ್ದು ಹೀಗೇ ಅಲ್ಲವೇ? ಯೂಜೀನ್ ಅಟ್ಜೆ ಪ್ಯಾರಿಸ್ಸಿನ ಬೀದಿಗಳನ್ನು ಗಾಜಿನ ಫಲಕದ ಭಾರೀ ಕ್ಯಾಮೆರಾ ಹೊತ್ತು ತೆಗೆದ. ಅವನು 1927ರಲ್ಲಿ ತೀರಿಕೊಂಡ ಮೇಲೆ ಜನ ಆ ಖಾಲಿ ಬೀದಿಗಳಲ್ಲಿ ಏನೇನೋ ಶೂನ್ಯ, ಏನೇನೋ ವಿಷಾದ ಕಂಡರು. ಅವನು ಹೋಗುತ್ತಿದ್ದದ್ದು ಜನ ಏಳುವ ಮುಂಚೆ, ನಸುಕಿನಲ್ಲಿ. ಬೀದಿ ಖಾಲಿಯಿಲ್ಲದೆ ಇನ್ನೇನು? ಜರ್ಮನಿಯ ಬೆಷರ್ ದಂಪತಿ ದಶಕಗಳ ಕಾಲ ನೀರಿನ ಟ್ಯಾಂಕು, ಕುಲುಮೆಗಳನ್ನೇ ತೆಗೆದರು, ಅದೂ ಮೋಡ ಕವಿದ ದಿನ ನೋಡಿ, ಎಲ್ಲವನ್ನೂ ನೇರ ನಿಲ್ಲಿಸಿ. ಷಿಕಾಗೋದ ವಿವಿಯನ್ ಮೇಯರ್ ಮಕ್ಕಳನ್ನು ನೋಡಿಕೊಳ್ಳುವ ಆಯಾ. ಆ ಮಕ್ಕಳನ್ನೇ ಜೊತೆಗೆ ಎಳೆದುಕೊಂಡು ಊರು ಸುತ್ತಿ ತೆಗೆದ ನೆಗೆಟಿವ್‌ಗಳ ಪೆಟ್ಟಿಗೆ 2007ರಲ್ಲಿ ಹರಾಜಿನಲ್ಲಿ ಸಿಕ್ಕಿತು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಮಕ್ಕಳ, ಸಾಮಾನ್ಯ ಜನರ ಚಿತ್ರಗಳಿಗೆ ಹೆಸರಾದವರು. ಅಂಥ ಚಿತ್ರ ಬೇಕಾದರೆ ಅಂಥವರ ನಡುವೆ ಗಂಟೆಗಟ್ಟಲೆ ಕಳೆಯಬೇಕು. ಚಿತ್ರಗಳನ್ನು ಒಂದುಗೂಡಿಸುವುದು ತಲೆಯೊಳಗಿನ ಥೀಮು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕಾಲು. ಕಾಲು ಎಲ್ಲಿಗೆ, ಎಷ್ಟು ಹೊತ್ತಿಗೆ ಎಳೆಯುತ್ತದೋ ಚಿತ್ರ ಅಲ್ಲಿಂದ ಬರುತ್ತದೆ. ಭಾವನ ಕಾಲಿಗೆ ಮೂಗೂ ಸೇರಿಕೊಂಡಿತ್ತು ಅಷ್ಟೆ.

ಇದನ್ನೆಲ್ಲ ಹೇಳಿ, 'ಹೊಟ್ಟೆ ತುಂಬಿದ ಮನುಷ್ಯ ಬೆಳಗಿನ ಬೆಂಗಳೂರನ್ನು ನೋಡುವ ಕಣ್ಣು ಅಂತ ಬರೆಯೋಣ ಭಾವ. ನೋಡಿ, ನಿಮ್ಮ ಒಂದು ಚಿತ್ರದಲ್ಲೂ ಯಾರೂ ಸಿಟ್ಟಾಗಿಲ್ಲ' ಅಂದೆ. ನಿಜಕ್ಕೂ ಇಲ್ಲ. ಟ್ರಾಫಿಕ್ ಪೊಲೀಸಿನವನೂ ನಗುತ್ತಿದ್ದಾನೆ.

ಭಾವ ಸ್ವಲ್ಪ ಚೇತರಿಸಿಕೊಂಡು, ತಿಂಡಿಯ ವಿಚಾರ ಬೇಡ, 'ಪರಂಪರೆ' ಅಂತ ಹಾಕು ಅಂದರು. ವಿದ್ಯಾರ್ಥಿ ಭವನ 1943ರದ್ದು, ಎಂ.ಟಿ.ಆರ್. 1924ರದ್ದು, ಪರಂಪರೆ ಅಲ್ಲದೆ ಮತ್ತೇನು ಅನ್ನುವುದು ಅವರ ವಾದ. ನಾನು ಪೆನ್ನು ತೆಗೆದೆ. ಪುಟ್ಟಿ ಇಂಗ್ಲಿಷಿನಲ್ಲಿ ಟೈಪ್ ಮಾಡಲು ಸಿದ್ಧಳಾದಳು.

'ತಾಳು, ನಾನು ಹೇಳ್ತೀನಿ ಬರ್ಕೋ' ಅಂದಳು ಅಕ್ಕ, ಫಿಲ್ಟರನ್ನು ಸೆರಗಿನಲ್ಲಿ ತಿಕ್ಕುತ್ತ. 'ಈ ಹದಿನೈದೂ ಚಿತ್ರಗಳನ್ನು ವೈದ್ಯರ ಸಲಹೆಗೆ ವಿರುದ್ಧವಾಗಿ ತೆಗೆಯಲಾಗಿದೆ.'

ಭಾವ ಬೇಡ ಬೇಡ ಅನ್ನುವಷ್ಟರಲ್ಲಿ ಪುಟ್ಟಿ ಟೈಪ್ ಮಾಡಿ ಮುಗಿಸಿದ್ದಳು.