ಪಾಯಿಂಟ್ ಎಲ್ಲೆಲ್ಲಿ ಬೇಕು ಸಾರ್?

ಮನೆ ಕಟ್ಟಿಸುವವರೆಲ್ಲ ಒಂದು ದಿನದ ಮಟ್ಟಿಗಾದರೂ ಜ್ಯೋತಿಷಿಗಳಾಗಲೇಬೇಕು. ಗೋಡೆ ಎದ್ದಿರುತ್ತದೆ, ಪ್ಲಾಸ್ಟರಿಂಗ್ ಇನ್ನೂ ಆಗಿರುವುದಿಲ್ಲ. ಎಲೆಕ್ಟ್ರಿಷಿಯನ್ ಸೀಮೆಸುಣ್ಣ ಹಿಡಿದು ಬಂದು, "ಪಾಯಿಂಟ್ ಎಲ್ಲೆಲ್ಲಿ ಬೇಕು ಸಾರ್?" ಅಂತ ಕೇಳುತ್ತಾನೆ. ಟಿವಿ ಎಲ್ಲಿ ಕೂರುತ್ತದೆ, ಮಂಚದ ತಲೆ ಯಾವ ಕಡೆ, ಮಗ ದೊಡ್ಡವನಾದ ಮೇಲೆ ಎಲ್ಲಿ ಕೂತು ಓದುತ್ತಾನೆ, ಅಸಲು ಓದುತ್ತಾನಾ, ಎಲ್ಲಕ್ಕೂ ನಿಂತಲ್ಲೇ ಉತ್ತರ ಕೊಡಬೇಕು. ಅವನು ಗೀಟು ಹಾಕಿದ ಮೇಲೆ ಮುಗೀತು. ಗೋಡೆ ಕೊರೆದು, ಪೈಪು ಹೂತು, ಸಿಮೆಂಟ್ ಮೆತ್ತಿಬಿಡುತ್ತಾರೆ.

ನಮ್ಮಪ್ಪನ ಕಾಲದಲ್ಲಿ ಈ ಕಷ್ಟ ಇರಲಿಲ್ಲ. ಗೋಡೆಯ ಮೇಲೆ ಮರದ ಪಟ್ಟಿ, ಅದರ ಮೇಲೆ ಕ್ಲಿಪ್ಪು ಹೊಡೆದು ಕೂರಿಸಿದ ವೈರು, ತುದಿಯಲ್ಲಿ ಕರೀ ಬೇಕ್‌ಲೈಟ್ ಸ್ವಿಚ್ಚು. ಹೊಸದಾಗಿ ಫ್ಯಾನ್ ಬಂದರೆ ಇನ್ನೊಂದು ಪಟ್ಟಿ ಹೊಡೆದರಾಯಿತು. ನೋಡೋಕೆ ಚೆಂದ ಇರಲಿಲ್ಲ ನಿಜ. ಆದರೆ ಮುಂದೆ ಬರುವ ಯಾವ ಯಂತ್ರಕ್ಕೂ ಆ ಮನೆ ಸಿದ್ಧವಾಗಿತ್ತು. ನಾವು ವೈರನ್ನು ಗೋಡೆಯೊಳಗೆ ಬಚ್ಚಿಟ್ಟೆವು ನೋಡಿ, ಅಲ್ಲಿಂದ ತಲೆನೋವು ಶುರುವಾಯಿತು.

2011ರಲ್ಲಿ ಮೈಸೂರಿನ ನಮ್ಮ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಎದ್ದಾಗ ಜ್ಯೋತಿಷಿಯ ಪಟ್ಟ ನನ್ನ ಬಾಮೈದನಿಗೆ ಹೋಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಬಣ್ಣಬಣ್ಣದ ನಕ್ಷೆಯನ್ನೇ ಪ್ರಿಂಟ್ ಮಾಡಿಸಿಕೊಂಡು ಬಂದಿದ್ದ. "ಭಾವ, ಮುಂದಿನ ಇಪ್ಪತ್ತು ವರ್ಷ ಗೋಡೆ ಮುಟ್ಟೋ ಹಾಗಿಲ್ಲ" ಅಂದ. ಪ್ರತಿ ರೂಮಿಗೂ ಟೆಲಿಫೋನ್ ಪಾಯಿಂಟು, ಕೇಬಲ್ ಟಿವಿ ಪಾಯಿಂಟು, ವೈರಿನಲ್ಲೇ ಇಂಟರ್‌ನೆಟ್ ಬರೋಕೆ ಲ್ಯಾನ್ ಪಾಯಿಂಟು. ಹಾಲಿನ ಸೀಲಿಂಗಿನಲ್ಲಿ ಪ್ರೊಜೆಕ್ಟರ್‌ಗೆ ಅಂತ ವಿಜಿಎ ಕೇಬಲ್ಲು. ಎಲೆಕ್ಟ್ರಿಷಿಯನ್ ಒಂದಕ್ಕೂ ಬೇಡ ಅನ್ನಲಿಲ್ಲ. ಅವನ ಕೂಲಿ ಪಾಯಿಂಟಿಗೆ ಇಷ್ಟು ಅಂತ.

ಅಮ್ಮ ಕೇಳಿದ್ದು ಒಂದೇ. ದೇವರ ಮನೆಯಲ್ಲಿ, ಕೈಗೆ ಎಟಕುವ ಎತ್ತರದಲ್ಲಿ, ಕರೆಂಟ್ ಹೋದರೂ ಕೆಲಸ ಮಾಡುವ ಒಂದು ಪ್ಲಗ್ಗು. "ದೇವರಿಗ್ಯಾಕಮ್ಮಾ ಇನ್ವರ್ಟರ್ ಲೈನು?" ಅಂತ ಬಾಮೈದ ನಕ್ಕ. ಅಮ್ಮ ನಗಲಿಲ್ಲ.

ಆಮೇಲೆ ಭವಿಷ್ಯ ಒಂದೊಂದಾಗಿ ಬರತೊಡಗಿತು. ಮೊದಲು ಕೆಟ್ಟಿದ್ದು ಕೇಬಲ್ಲು. ಒಂದು ಕೇಬಲನ್ನು ಕವಲು ಮಾಡಿ ಎಲ್ಲ ರೂಮಿಗೂ ಹಂಚಿದ್ದೆವು. ಮೈಸೂರಿಗೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಗುವ ಗಡುವು 2013ರ ಮಾರ್ಚ್ 31. ಅದಾದ ಮೇಲೆ ಒಂದೊಂದು ಟಿವಿಗೂ ಒಂದೊಂದು ಬಾಕ್ಸು, ಒಂದೊಂದು ಬಾಡಿಗೆ. ಇರುವ ಒಂದೇ ಟಿವಿ ಹಾಲಿನಲ್ಲಿ ಉಳಿಯಿತು, ಕೇಬಲ್ಲು ರೂಮು ರೂಮಿನಲ್ಲೂ ಇಣುಕಿ ನೋಡುತ್ತಾ ನಿಂತಿತು. ಟೆಲಿಫೋನ್ ಪಾಯಿಂಟುಗಳ ಕಥೆ ಹೇಳುವುದೇ ಬೇಡ. ನಾಲ್ಕು ರೂಪಾಯಿಯ ಮುಚ್ಚಳಕ್ಕೆ ಪೇಂಟರು ಮೂರು ಸಲ ಬಣ್ಣ ಹೊಡೆದಿದ್ದಾರೆ. ಪ್ರೊಜೆಕ್ಟರ್ ಬರಲೇ ಇಲ್ಲ. ಆ ವಿಜಿಎ ತುದಿಯಲ್ಲಿ ನಮ್ಮ ಮನೆಯವಳು ಈಗ ಗಣೇಶನ ಹಬ್ಬದಲ್ಲಿ ತೋರಣ ಕಟ್ಟುತ್ತಾಳೆ.

ಟಿವಿ ಗೋಡೆಗೆ ಏರಿದಾಗ ಇನ್ನೊಂದು ಪ್ರಸಂಗ. ಕೆಳಗಿನ ಬಾಕ್ಸಿನಿಂದ ಮೇಲಿನ ಟಿವಿಗೆ ಎಚ್‌ಡಿಎಂಐ ಕೇಬಲ್ ಹೋಗಬೇಕು. ಗೋಡೆಯೊಳಗೆ ಮುಕ್ಕಾಲು ಇಂಚಿನ ಖಾಲಿ ಪೈಪು ಇತ್ತು. ವೈರು ಸಲೀಸಾಗಿ ಹೋಗುತ್ತಿತ್ತು, ತಲೆ ಹೋಗಲಿಲ್ಲ. "ತಲೆ ಕಟ್ ಮಾಡಿ ಆಮೇಲೆ ಜಾಯಿಂಟ್ ಹೊಡೆಯೋಣ ಸಾರ್, ಏನ್ ಮಹಾ" ಅಂದ ಎಲೆಕ್ಟ್ರಿಷಿಯನ್. ಒಳಗೆ 19 ಪಿನ್ನುಗಳಿವೆ ಅಂತ ಬಾಮೈದ ಫೋನಿನಲ್ಲೇ ಕಿರುಚಿದ. ಆ ಕೇಬಲ್ಲು ಈಗ ಗೋಡೆಯ ಮೇಲೆ, ಕ್ಲಿಪ್ಪು ಹೊಡೆಸಿಕೊಂಡು, ಥೇಟ್ ಅಪ್ಪನ ಕಾಲದ ವೈರಿನ ಹಾಗೆ ಇಳಿಬಿದ್ದಿದೆ.

ಲ್ಯಾನ್ ಪಾಯಿಂಟಿಗೂ ಒಂದು ಕಾಲ ಬಂತು. 2020ರ ಲಾಕ್‌ಡೌನ್. ಮಗನಿಗೆ ಆನ್‌ಲೈನ್ ಕ್ಲಾಸು, ನಮ್ಮ ಮನೆಯವಳಿಗೆ ಆಫೀಸು. ವೈಫೈ ಕಾಂಕ್ರೀಟು ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು. ಗೋಡೆಯಲ್ಲಿದ್ದ ಕ್ಯಾಟ್ 5ಇ ವೈರು ಈಗಲೂ ಸೆಕೆಂಡಿಗೆ ಒಂದು ಗಿಗಾಬಿಟ್ ಎಳೆಯಬಲ್ಲದು. ಬಾಮೈದ ಗೆದ್ದಿದ್ದ. ಪಾಯಿಂಟು ಎಲ್ಲಿದೆ ಅಂತ ಹುಡುಕಿದರೆ, ಬೀರುವಿನ ಹಿಂದೆ! ಭಾರದ ಬೀರು ನೈರುತ್ಯದಲ್ಲೇ ಇರಬೇಕು ಅಂತ ವಾಸ್ತು ನೋಡಿದವರು ಹೇಳಿದ್ದರು. ಇಂಟರ್‌ನೆಟ್ಟೂ ನೈರುತ್ಯಕ್ಕೇ ಬಂದು ಕೂತಿತ್ತು. ಬೀರು ಸರಿಸೋಕೆ ಅಮ್ಮ ಬಿಡಲಿಲ್ಲ. ಮಗ ಬೀರುವಿಗೆ ಒರಗಿಕೊಂಡೇ ಆರನೇ ಕ್ಲಾಸು ಪಾಸಾದ.

ಇಷ್ಟೆಲ್ಲ ಆದರೂ ಫೈಬರ್ ಹಾಕಲು ಬಂದ ಹುಡುಗ ನಮ್ಮ ಪೈಪುಗಳ ಕಡೆ ತಿರುಗಿಯೂ ನೋಡಲಿಲ್ಲ. "ಬೆಂಡ್ ಜಾಸ್ತಿ ಇದೆ ಅಂಕಲ್, ಒಳಗೆ ಮುರಿದರೆ ಕಷ್ಟ" ಅಂದವನೇ ಕಿಟಕಿ ಚೌಕಟ್ಟಿಗೆ ತೂತು ಹೊಡೆದ. ತೇಗದ ಚೌಕಟ್ಟು. ಇಪ್ಪತ್ತು ವರ್ಷದ ಪ್ಲಾನು ಕಿಟಕಿ ಸಂದಿಯಿಂದ ಒಳಗೆ ಬಂತು.

ಆ ಮನೆಯಲ್ಲಿ ಹಗಲೂ ರಾತ್ರಿ ದುಡಿಯುವ ಪಾಯಿಂಟು ಒಂದೇ, ದೇವರ ಮನೆಯದು. ಮಂಚದ ಪಕ್ಕದ ಪ್ಲಗ್ಗು ಮಂಚದ ಹಿಂದೆ ಹೋಗಿದೆ. ಹಾಲಿನ ಪ್ಲಗ್ಗುಗಳಿಗೆ ಬಗ್ಗಬೇಕು. ಹಾಗಾಗಿ ಎಲ್ಲರ ಫೋನೂ ಚಾರ್ಜಿಗೆ ದೇವರ ಮುಂದೆಯೇ. ಅಮ್ಮ ಬೆಳಿಗ್ಗೆ ಹೂವಿಡುವಾಗ ಫೋನುಗಳನ್ನು ಹುಷಾರಾಗಿ ಪಕ್ಕಕ್ಕಿಡುತ್ತಾಳೆ. ಅಲಾರಾಂ ಹೊಡೆದರೆ ಗಂಟೆಯೂ ಬಾರಿಸಿದ ಹಾಗಾಯಿತು.

ಹೋದ ವರ್ಷ ಮೇಲಿನ ಮನೆ ಶುರುವಾಯಿತು. ಬಾಮೈದ ಮತ್ತೆ ಬಂದ, ಈ ಸಲ ನಕ್ಷೆ ಇಲ್ಲದೆ. "ಭಾವ, ವೈರೇ ಬೇಡ. ಸುಮ್ನೆ ಖಾಲಿ ಪೈಪು ಹಾಕಿಡೋಣ, ಎಲ್ಲ ಒಂದಿಂಚಿಂದು. ಒಳಗೊಂದು ಎಳೆಯೋ ತಂತಿ ಬಿಟ್ಟಿರಲಿ. ಯಾವ ಭವಿಷ್ಯ ಬಂದರೂ ತಂತಿಗೆ ಕಟ್ಟಿ ಎಳೆದುಕೊಳ್ಳಬಹುದು." ಪರವಾಗಿಲ್ಲ, ಹುಡುಗ ಬೆಳೆದಿದ್ದಾನೆ ಅನಿಸಿತು. ತಾರಸಿಯಿಂದ ಮೀಟರ್ ಬೋರ್ಡಿಗೆ ಸೋಲಾರ್ ಪೈಪು. ಮೂರು ಕಿಲೋವಾಟ್ ಹಾಕಿಸಿದರೆ ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಇದೆ ಅಂತ ಅವನೇ ಓದಿ ಹೇಳಿದ. ಪೋರ್ಟಿಕೋಗೆ ಕಾರಿನ ಚಾರ್ಜರ್ ಪೈಪು. 32 ಆಂಪಿಯರ್‌ನ ದೊಡ್ಡ ಚಾರ್ಜರ್ ಏಳು ಕಿಲೋವಾಟ್ ಎಳೆಯುತ್ತದೆ, ನಮ್ಮ ಮನೆಗೆ ಮಂಜೂರಾಗಿರುವ ಲೋಡೇ ಮೂರು. ಇರಲಿ, ಕಾರೇ ಇಲ್ಲ.

ಮೋಲ್ಡಿನ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ, ಹಿಂದಿನ ದಿನ ಕಂಬಿಯ ಮೇಲೆ ಪೈಪುಗಳು ನೀಟಾಗಿ ಮಲಗಿದ್ದವು. ಪ್ರತಿ ಬಾಯಿಂದಲೂ ತಂತಿಯ ತುದಿ ಹೊರಗೆ ಬಂದಿತ್ತು. ಬಾಮೈದ ಎಲ್ಲದರ ಫೋಟೋ ತೆಗೆದುಕೊಂಡ. ಮರುದಿನ ಬೆಳಿಗ್ಗೆ ಸಜ್ಜಾದ ಕಂಬಿ ಕಟ್ಟುವಾಗ ಬೈಂಡಿಂಗ್ ವೈರ್ ಖಾಲಿಯಾಯಿತಂತೆ. ಕಂಬಿ ಕಟ್ಟುವ ಹುಡುಗ ಆಚೀಚೆ ನೋಡಿದ್ದಾನೆ. ಪುಕ್ಕಟೆ ತಂತಿ, ಅದೂ ಮೊಳಗಟ್ಟಲೆ. ನಾವು ಕಾಫಿ ಕುಡಿದು ಮೇಲೆ ಬರುವಷ್ಟರಲ್ಲಿ ನಮ್ಮ ಭವಿಷ್ಯವೆಲ್ಲ ಸಜ್ಜಾಕ್ಕೆ ಗಟ್ಟಿಯಾಗಿ ಬಿಗಿದುಕೊಂಡಿತ್ತು. ಮಿಕ್ಸರ್ ತಿರುಗಲು ಶುರುವಾಗಿತ್ತು.

ಬಾಮೈದ ಸೋಲಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ತಂದ. ನೈಲಾನ್ ದಾರಕ್ಕೆ ಪ್ಲಾಸ್ಟಿಕ್ ಕವರಿನ ಚೂರು ಕಟ್ಟಿ ಹಾಲಿನ ಪೈಪಿಗೆ ಬಿಡುವುದು, ಕ್ಲೀನರನ್ನು ಉಲ್ಟಾ ಮಾಡಿ ಹಿಂದಿನಿಂದ ಗಾಳಿ ಊದುವುದು, ಆ ಕಡೆ ಓದುವ ರೂಮಿನಲ್ಲಿ ಹಿಡಿದುಕೊಳ್ಳುವುದು. ಉಪಾಯ ಒಳ್ಳೆಯದೇ, ದಾರ ಸರಸರ ಒಳಗೆ ಹೋಯಿತು. "ಬಂತಾ?" ಅಂತ ಇವನು ಕೂಗಿದ. "ಇಲ್ಲಿ ಬರೀ ಧೂಳು" ಅಂತ ಮಗ ಓದುವ ರೂಮಿನಿಂದ ಕೂಗಿದ. ದಾರ ಇನ್ನೂ ಹೋಗುತ್ತಲೇ ಇತ್ತು. ಆಗ ನಮ್ಮ ಮನೆಯವಳು ಬಚ್ಚಲುಮನೆಯಿಂದ ಕರೆದಳು. ಗೀಸರ್ ಪಾಯಿಂಟಿನ ಬಾಕ್ಸಿನಿಂದ ಪ್ಲಾಸ್ಟಿಕ್ ಚೂರೊಂದು ಪಟಪಟ ಹಾರುತ್ತಿತ್ತು.