ಯುಕೆಜಿ ಮುಗಿಯುವಾಗ ಮಗುವಿಗೆ ಏನು ಬರಬೇಕು?

ಕ್ಲಾಸಿಕಲ್ ಪದ್ಧತಿಯ, ಅಂದರೆ ಯುರೋಪಿನ ಹಳೆಯ ಗ್ರೀಕ್-ಲ್ಯಾಟಿನ್ ಕಲಿಕೆಯ ಕ್ರಮದಲ್ಲಿ ನಡೆಯುವ ಕ್ರೈಸ್ತ ಶಾಲೆ ಅಂದಕೂಡಲೇ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಹೆತ್ತವರು ಕೇಳುವುದು ಎರಡೇ ಪ್ರಶ್ನೆ: ಲ್ಯಾಟಿನ್ ಯಾವಾಗ ಶುರು, ಬರೆಯಲು ಯಾವಾಗ ಕಲಿಸುತ್ತೀರಿ? ಲ್ಯಾಟಿನ್ ಮೂರನೇ ತರಗತಿಯ ಆಸುಪಾಸಿನ ಮಾತು, ಬದಿಗಿಡೋಣ. ಬರೆಯುವುದರ ಬಗ್ಗೆ ನನ್ನ ನಿಲುವು ಖಚಿತ. ಐದು ತುಂಬುವ ಮೊದಲು ಪೆನ್ಸಿಲ್ ಬೇಡ. ಮೂರರಿಂದ ಆರರವರೆಗೆ ಕಿವಿ, ನಾಲಗೆ, ನೆನಪು, ಕೈ ಹದವಾಗಬೇಕು. ನಮ್ಮ ಊರಲ್ಲಿ ಆ ಕೆಲಸ ಕನ್ನಡದಲ್ಲೇ ನಡೆಯಬೇಕು.

ಈ ಶಾಲೆಗಳ ಚೌಕಟ್ಟು ಮೂರು ಹಂತದ್ದು: ವ್ಯಾಕರಣ, ತರ್ಕ, ವಾಗ್ಮಿತೆ. 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಲೇಖಕಿ ಡೊರೊಥಿ ಸೇಯರ್ಸ್ ಮಾಡಿದ ಭಾಷಣ ಈ ಹಳೆಯ ಕ್ರಮವನ್ನು ಮಕ್ಕಳ ಬೆಳವಣಿಗೆಗೆ ಜೋಡಿಸಿತು. ಮೊದಲ ಹಂತಕ್ಕೆ ಅವರು ಗಿಳಿಯ ಹೆಸರಿಟ್ಟರು, ಬಾಯಿಪಾಠವೇ ಖುಷಿ ಕೊಡುವ ವಯಸ್ಸು ಎಂದು. ಆದರೆ ಅವರ ಮನಸ್ಸಿನಲ್ಲಿದ್ದದ್ದು ಓದು, ಬರಹ, ಲೆಕ್ಕ ಆಗಲೇ ಬಲ್ಲ ಸುಮಾರು ಒಂಬತ್ತು ವರ್ಷದ ಮಕ್ಕಳು. ಅದನ್ನು ಹಾಗೆಯೇ ಎಲ್‌ಕೆಜಿಗೆ ಇಳಿಸಿದಲ್ಲಿ ಎಡವಟ್ಟಾಗುತ್ತದೆ.

ಬಾಯಿಪಾಠಕ್ಕೆ ವಾರಕ್ಕೆ ಬೈಬಲ್‌ನ ಒಂದೇ ವಚನ ಸಾಕು, ಎಂಟು ಹತ್ತು ಪದ ದಾಟದ್ದು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೊಮ್ಮೆ, ಊಟಕ್ಕೆ ಮೊದಲೊಮ್ಮೆ, ಮೂರು ಮೂರು ಸಲ ರಾಗವಾಗಿ ಹೇಳಿಸಿ. ಶುಕ್ರವಾರ ಹೊಸತೇನೂ ಬೇಡ, ಹಿಂದಿನ ವಾರಗಳದ್ದನ್ನೇ ತಿರುವಿಹಾಕಿ. ಇದನ್ನು ಬಿಟ್ಟರೆ ಜೂನ್‌ನಲ್ಲಿ ಕಲಿತದ್ದು ಓಣಂ ರಜೆ ಮುಗಿಯುವಾಗ ಇರುವುದಿಲ್ಲ. ಎಲ್‌ಕೆಜಿಗೆ ಕರ್ತನ ಪ್ರಾರ್ಥನೆ; ಯುಕೆಜಿಗೆ ಆರು ವಚನಗಳ 23ನೇ ಕೀರ್ತನೆ ಮತ್ತು ಹತ್ತು ಆಜ್ಞೆಗಳ ಚಿಕ್ಕ ರೂಪ. ಕ್ರೈಸ್ತ ನಂಬಿಕೆಯನ್ನು ಪ್ರಶ್ನೆ-ಉತ್ತರವಾಗಿ ಕಲಿಸುವ ವೆಸ್ಟ್‌ಮಿನ್‌ಸ್ಟರ್‌ನ ಚಿಕ್ಕ ಪ್ರಶ್ನೋತ್ತರದಲ್ಲೇ 107 ಪ್ರಶ್ನೆಗಳಿವೆ, ಉತ್ತರಗಳೂ ಉದ್ದ. ಒಂದು ಸಾಲಿನ ಉತ್ತರವಿರುವ ಇಪ್ಪತ್ತು ಪ್ರಶ್ನೆ ಆರಿಸಿಕೊಂಡರೆ ವರ್ಷಕ್ಕೆ ಧಾರಾಳ. ಮನೆಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥನೆ ಕಲಿತ ಮಗು ಕೊಂಕಣಿಯಲ್ಲೇ ಹೇಳಲಿ. ಒಂದೇ ಪ್ರಾರ್ಥನೆಯನ್ನು ಮೂರು ಭಾಷೆಗಳಲ್ಲಿ ಒಪ್ಪಿಸಲು ಹೇಳುವುದು ನನಗೆ ಹಿಂಸೆಯಾಗಿಯೇ ಕಾಣುತ್ತದೆ.

ಕತೆ ಕೇಳಿ ತಿರುಗಿ ಹೇಳುವುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಐದು ನಿಮಿಷದ ಕತೆ, ಒಂದೇ ಸಲ. ನಾಲ್ಕರ ಮಗು ಯಾವುದೋ ಒಂದು ಪಾತ್ರದ ಹೆಸರು ಹೇಳಿದರೂ ಸಾಕು. ಐದಕ್ಕೆ ಮೊದಲು ಏನಾಯಿತು, ಕೊನೆಗೆ ಏನಾಯಿತು ಎನ್ನುವಷ್ಟು. ಆರಕ್ಕೆ ಇಡೀ ಕತೆ ಕ್ರಮವಾಗಿ. ಹೀಗೆ ತಿರುಗಿ ಹೇಳಿಸುವ ಪದ್ಧತಿಯನ್ನು ಬೆಳೆಸಿದ ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್, ಆರು ತುಂಬುವ ಮೊದಲು ಒತ್ತಾಯ ಮಾಡಿ ಹೇಳಿಸಬಾರದು ಎಂದಿದ್ದರು, ಅದನ್ನು ಮರೆಯಬಾರದು. ಮಗು ಹೇಳುತ್ತಿರುವಾಗ ನಡುವೆ ತಿದ್ದಬೇಡಿ, ತುಳು ಪದ ಬೆರೆತರೆ ಬೆರೆಯಲಿ. ನೋಹನ ನಾವೆಯಲ್ಲಿ ಯಾರ್ಯಾರಿದ್ದರು ಎಂದು ಟೀಚರ್ ಬಿಡಿ ಬಿಡಿ ಪ್ರಶ್ನೆ ಕೇಳತೊಡಗಿದರೆ, ಮಗು ಪ್ರಶ್ನೆಗಾಗಿ ಕಾಯಲು ಕಲಿಯುತ್ತದೆ. ಕತೆಯನ್ನು ಮನಸ್ಸಿನಲ್ಲಿ ಹಿಡಿದಿಡುವ ಕೆಲಸ ನಿಂತುಹೋಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಸೀಮೆ ಇದು. ತಾಳಮದ್ದಳೆಯಲ್ಲಿ ಪುಸ್ತಕ ಮುಟ್ಟದೆ ಗಂಟೆಗಟ್ಟಲೆ ಅರ್ಥ ಹೇಳುವವರನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಅಕ್ಷರ. ಅದು ಕಣ್ಣಿಗಿಂತ ಮೊದಲು ಕಿವಿಗೆ ಬೀಳಬೇಕು: ಕಲೆ ಬೇರೆ, ಕಳೆ ಬೇರೆ, ಮನೆ ಬೇರೆ, ಮಣೆ ಬೇರೆ. ಕ ಖ ಗ ಘ ಙ ಎಂದು ವರ್ಗಗಳನ್ನು ಹಾಡಿಸಿ. ಮಲಯಾಳಕ್ಕೂ ಅದೇ ಕ್ರಮ, ಮುಂದೆ ಉಪಯೋಗಕ್ಕೆ ಬರುತ್ತದೆ. ಗುರುತಿಸಲು ಮಾತ್ರ ಆ ಕ್ರಮ ಬೇಡ. ರ ಗ ಸ ದ ಅ, ಆಮೇಲೆ ಜ ವ ಮ ಬ ನ ಎಂಬ ಕ್ರಮವೇ ಒಳ್ಳೆಯದು. ಆಕಾರ ಸುಲಭ, ಮೊದಲ ಐದೇ ಅಕ್ಷರಗಳಲ್ಲಿ ಸರ, ಅರಸ, ಗರಗಸ ಓದಿಬಿಡಬಹುದು, ಕಾಗುಣಿತದ ಹಂಗಿಲ್ಲ. ವಾರಕ್ಕೆ ಎರಡಕ್ಕಿಂತ ಹೆಚ್ಚು ಅಕ್ಷರ ಬೇಡ. ಬೆರಳಿನಿಂದ ಮರಳಿನ ತಟ್ಟೆಯಲ್ಲಿ, ಆಮೇಲೆ ಸ್ಲೇಟಿನಲ್ಲಿ ಅಂಗೈಯಗಲ ಬರೆಸಿ. ಮೂರು ವರ್ಷಕ್ಕೇ ಚುಕ್ಕಿ ಜೋಡಿಸುವ ಹಾಳೆ ಕೊಟ್ಟರೆ, ಬೆರಳಿನ ಸ್ನಾಯು ಗಟ್ಟಿಯಾಗದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತದೆ, ಆ ಹಿಡಿತ ದೊಡ್ಡ ತರಗತಿಯವರೆಗೂ ಬಿಡುವುದಿಲ್ಲ. ನಮ್ಮ ದುಂಡು ಅಕ್ಷರಕ್ಕೆ ಮಣಿಕಟ್ಟು ಸಲೀಸಾಗಿ ತಿರುಗಬೇಕು. ಹಿಟ್ಟು ನಾದುವುದು, ಬಟ್ಟೆ ಹಿಂಡುವುದು, ಹೂ ಪೋಣಿಸುವುದು ಅದಕ್ಕೆ ಬೇಕಾದ ತಯಾರಿ. ಮಲಯಾಳ ಲಿಪಿ ಕನಿಷ್ಠ ಆರು ತಿಂಗಳು ಕಳೆದು ಬರಲಿ. ಇಂಗ್ಲಿಷ್‌ನಲ್ಲಿ ಅಕ್ಷರದ ಹೆಸರು ಒಂದು, ಉಚ್ಚಾರ ಇನ್ನೊಂದು. ಯುಕೆಜಿಯಲ್ಲಿ ಹಾಡು, ಮಾತು ಇಷ್ಟೇ ಇರಲಿ.

ಲೆಕ್ಕದಲ್ಲಿ ನೂರರವರೆಗೆ ಪಟಪಟ ಹೇಳುವ ಮಗುವಿಗೆ ಏಳು ಹುಣಸೆಬೀಜ ಎಣಿಸಿ ಕೊಡಲು ಹೇಳಿ ನೋಡಿ. ಎಷ್ಟೋ ಮಕ್ಕಳು ತಪ್ಪುತ್ತಾರೆ, ಒಂದು ಪದಕ್ಕೆ ಒಂದು ಬೀಜ ಎಂಬ ಹೊಂದಾಣಿಕೆ ಕೂಡಿರುವುದಿಲ್ಲ. ಯುಕೆಜಿ ಮುಗಿಯುವಾಗ ಇಪ್ಪತ್ತರವರೆಗೆ ಕೈಯಲ್ಲಿ ಎಣಿಸಲಿ, ಐದರವರೆಗೆ ಎಣಿಸದೆ ನೋಡಿಯೇ ಹೇಳಲಿ. ಎರಡರ, ಐದರ, ಹತ್ತರ ಮಗ್ಗಿ ಹಾಡಿನಲ್ಲಿ ಬಂದರೆ ಸಂತೋಷ. ಹೊರಗೆ ಹತ್ತು ಮರ, ಹತ್ತು ಹಕ್ಕಿಗಳ ಹೆಸರು: ಗೇರು, ಹಲಸು, ಪುನರ್ಪುಳಿ ಕಂಡರೆ ಗುರುತು ಹಿಡಿಯಬೇಕು.

ಇಷ್ಟೆಲ್ಲದರ ಹಿಂದಿರುವುದು ಸಂತ ಅಗಸ್ಟೀನರ ವಿಚಾರ: ಪ್ರೀತಿಸಬೇಕಾದ್ದನ್ನು ಪ್ರೀತಿಸಬೇಕಾದ ಕ್ರಮದಲ್ಲಿ ಪ್ರೀತಿಸುವುದೇ ಸದ್ಗುಣ. ಪಾಠ ಹತ್ತು ನಿಮಿಷ ದಾಟದಂತೆ ನೋಡಿಕೊಂಡರೆ, ಕರೆದಾಗ ಮೊದಲ ಸಲಕ್ಕೇ ಓಗೊಡುವುದು, ಕೇಳುವಾಗ ಪೂರ್ತಿ ಕೇಳುವುದು ರೂಢಿಯಾಗುತ್ತದೆ. ಗದರಿದರೆ ಬರುವುದು ಭಯ ಮಾತ್ರ.

ಇನ್ನೊಂದು ಮಾತನ್ನು ಆಡಳಿತದವರು ಕೇಳಿಸಿಕೊಳ್ಳಬೇಕು. ನಮ್ಮಲ್ಲಿ ಕ್ರೈಸ್ತ ಶಾಲೆಗಳಿಗೆ ಹಿಂದೂ, ಮುಸ್ಲಿಂ ಮನೆಯ ಮಕ್ಕಳೂ ಬರುತ್ತಾರೆ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಸಂವಿಧಾನದ 28(3)ನೇ ವಿಧಿ ಹೇಳುವುದು ಇದನ್ನೇ. ಆ ಒಪ್ಪಿಗೆಯನ್ನು ಅಡ್ಮಿಷನ್ ದಿನವೇ ಕನ್ನಡದಲ್ಲಿ ಬರೆದ ಹಾಳೆಯಲ್ಲಿ ಕೇಳಿ. ದೊತೊರ್ನ್, ಅಂದರೆ ಕ್ರೈಸ್ತ ಧರ್ಮಬೋಧನೆ, ನಡೆಯುವ ಹದಿನೈದು ನಿಮಿಷ ಉಳಿದ ಮಕ್ಕಳಿಗೆ ಯಾವ ಕೋಣೆ, ಯಾವ ಟೀಚರ್, ಯಾವ ಕತೆ ಎಂಬುದು ಜೂನ್‌ಗೆ ಮೊದಲೇ ತೀರ್ಮಾನವಾಗಿರಲಿ.