ಆರು ಸಾವಿರ ರೂಪಾಯಿಯ ಸೋಲು

ತುಳಸಿ ಮದುವೆ ಮುಗಿದು ಲಗ್ನಪತ್ರಿಕೆಗಳು ಬರತೊಡಗಿದವೆಂದರೆ ಶಿರಸಿ ಸೀಮೆಯಲ್ಲಿ ಶೂಗಳ ಮರಣವಾರ್ತೆಯೂ ಬರತೊಡಗುತ್ತದೆ. ನಾಲ್ಕು ವರ್ಷದ ಹಿಂದೆ ಕೊಂಡು, ನಾಲ್ಕೇ ಸಲ ಮೆಟ್ಟಿ, ಒರೆಸಿ, ಕಾಗದ ಸುತ್ತಿ ಡಬ್ಬಿಯಲ್ಲಿಟ್ಟ ಆರು ಸಾವಿರದ ಶೂ. ಹಾಕಿಕೊಂಡು ಜಗುಲಿಯಿಂದ ಅಂಗಳಕ್ಕೆ ಇಳಿಯುವಷ್ಟರಲ್ಲಿ ಮೇಲಿನ ಅರ್ಧ ಕಾಲಿನ ಜೊತೆ ಹೊರಟಿರುತ್ತದೆ, ಕೆಳಗಿನ ಅರ್ಧ ಮೆಟ್ಟಿಲ ಮೇಲೆ ಗರಿಗರಿ ಸಿಹಿತಿಂಡಿ ತೊಡದೇವಿನ ಚೂರಿನಂತೆ ಉದುರಿರುತ್ತದೆ.

ಶೋರೂಮಿಗೆ ಒಯ್ದರೆ ಟೈ ಕಟ್ಟಿದ ಹುಡುಗ ಎರಡು ಬೆರಳಲ್ಲಿ ಎತ್ತಿ ನೋಡಿ ಹೇಳುತ್ತಾನೆ: ‘ಸರ್, ಇದು ಯೂಸೇಜ್ ಪ್ರಾಬ್ಲಮ್.’ ಬಳಸದೇ ಇಟ್ಟಿದ್ದಕ್ಕೆ ಬಳಕೆಯ ದೋಷ! ಮೂರು ತಿಂಗಳ ವಾರಂಟಿ ಯಾವತ್ತೋ ತೀರಿದೆ. ಸೋಲ್ ಬಿಡಿಯಾಗಿ ಬರುವುದಿಲ್ಲ. ಆದರೆ ಗಾಬರಿ ಬೇಡ, ಹಳೇ ಶೂ ಕೊಟ್ಟರೆ ಹೊಸದಕ್ಕೆ ರಿಯಾಯಿತಿ ಇದೆಯಂತೆ. ಹೆಣ ತಂದವರಿಗೆ ಮದುವೆ ಊಟದ ಕೂಪನ್ ಕೊಟ್ಟ ಹಾಗೆ.

ಈ ಸೋಲ್ ಮಾಡಿದವರ ಜಾಣತನಕ್ಕೆ ಮಾತ್ರ ಕೈ ಮುಗಿಯಬೇಕು. ಹಗುರ, ಮೆತ್ತಗೆ, ನಡೆದರೆ ಹತ್ತಿಯ ಮೇಲೆ ಕಾಲಿಟ್ಟಂತೆ. ಹೆಸರು ಪಾಲಿಯುರೆಥೇನ್, ಅಂಗಡಿಯವರ ಬಾಯಲ್ಲಿ ಪಿಯು. ಇದರಲ್ಲಿ ಪಾಲಿಯೆಸ್ಟರ್ ಜಾತಿಯದಕ್ಕೆ ನೀರೇ ಯಮ. ಗಾಳಿಯ ತೇವ ಒಳಹೊಕ್ಕು ಅದರ ಕೊಂಡಿಗಳನ್ನು ಒಂದೊಂದಾಗಿ ಕಳಚುತ್ತದೆ. ಕಳಚಿದಾಗ ಹುಟ್ಟುವ ಆಮ್ಲ ಉಳಿದ ಕೊಂಡಿಗಳಿಗೂ ಕೈ ಹಾಕುತ್ತದೆ. ಸೆಕೆ ಇದ್ದರಂತೂ ಕೆಲಸ ಇನ್ನೂ ಚುರುಕು. ನಡೆದರೂ ಅಷ್ಟೇ, ಮಲಗಿಸಿಟ್ಟರೂ ಅಷ್ಟೇ. ಅಂಥದ್ದನ್ನು ತಂದು ಮಾರುತ್ತಿರುವುದು ಎಲ್ಲಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಭರಣಿಯೊಳಗೂ ನೀರೊಡೆಯುವ ಕಾರವಾರ, ಕುಮಟಾ, ಶಿರಸಿಯಲ್ಲಿ.

ಕಂಪನಿಗೆ ಕಾಳಜಿ ಇಲ್ಲ ಅನ್ನಬೇಡಿ. ಡಬ್ಬಿಯ ಮೂಲೆಯಲ್ಲಿ ಸಿಲಿಕಾದ ಪುಟ್ಟ ಪುಡಿಕೆ ಇಟ್ಟಿರುತ್ತಾರಲ್ಲ, ‘ತಿನ್ನಬೇಡಿ’ ಎಂದು ಬರೆದು. ನಮ್ಮ ಆಷಾಢದ ಎದುರು ಆ ಪುಡಿಕೆ, ಸಹಸ್ರಲಿಂಗದಲ್ಲಿ ಶಾಲ್ಮಲಾ ನದಿಗೆ ಅಡ್ಡಲಾಗಿ ಇಟ್ಟ ಸ್ಪಂಜು.

ಇನ್ನು ಸರ್ಕಾರ. ನಮ್ಮ ಪಾದದ ಮೇಲೆ ಅದಕ್ಕಿರುವ ಭಕ್ತಿ ಭರತನಿಗೂ ಇರಲಿಲ್ಲ. ಭಾರತೀಯರ ಕಾಲಿಗೆ ನಮ್ಮದೇ ಅಳತೆ ಬೇಕೆಂದು ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಆ ಅಳತೆಗೆ ‘ಭಾ’ ಎಂದು ಹೆಸರು. ಸೈಜಿಗೆ ಭಾ ಎಂದವರು ರಿಪೇರಿಗೆ ಮಾತ್ರ ಬಾ ಅನ್ನಲಿಲ್ಲ. 2022ರಲ್ಲಿ ‘ರಿಪೇರಿಯ ಹಕ್ಕು’ ಎಂದು ಸಮಿತಿ ಬಂತು, ಪೋರ್ಟಲ್ ಬಂತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಸಾಮಾನು, ವಾಹನ ಎಂದು ನಾಲ್ಕು ವಲಯ ಆರಿಸಿದರು. ಟ್ರ್ಯಾಕ್ಟರ್ ಪಟ್ಟಿಗೆ ಸೇರಿತು, ಟ್ರ್ಯಾಕ್ಟರ್ ಇಲ್ಲದೆ ನಡೆದು ಹೋಗುವವನ ಶೂ ಸೇರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಜೋಡಿಗೆ ಶೇ 5, ಮೇಲಿನದಕ್ಕೆ ಶೇ 18 ಜಿಎಸ್‌ಟಿ. ಹಳೆಯದನ್ನೇ ಇನ್ನೆರಡು ವರ್ಷ ನಡೆಸುವವನಿಗೆ ಏನು ಬಹುಮಾನ? ಫ್ರಾನ್ಸಿನಲ್ಲಿ 2023ರ ನವೆಂಬರ್‌ನಿಂದ ಬಟ್ಟೆ, ಶೂ ರಿಪೇರಿ ಮಾಡಿಸಿದವರಿಗೆ ಬಿಲ್ಲಿನಲ್ಲಿ 6ರಿಂದ 25 ಯೂರೋ ಕಡಿತ ಸಿಗತೊಡಗಿತು. ನಮ್ಮಲ್ಲಿ ರಿಪೇರಿ ಮಾಡಿಸಿದವನಿಗೆ ‘ಜಿಪುಣ’ ಎಂಬ ಬಿರುದು ಸಿಗುತ್ತದೆ, ಅದೂ ಉಚಿತವಾಗಿ.

ತೋಟಕ್ಕೆ ಮೆಟ್ಟುವ ಹವಾಯಿ ಚಪ್ಪಲಿಯನ್ನೇ ನೋಡಿ. ಮೂರು ತೂತು, ಒಂದು ಬಾರು. ಬಾರು ಕಿತ್ತರೆ ಕಿರಾಣಿ ಅಂಗಡಿಯಲ್ಲೂ ಬೇರೆ ಬಾರು ಸಿಗುತ್ತದೆ, ಸ್ವಲ್ಪ ಸೋಪು ಹಚ್ಚಿ ಎಳೆದರೆ ಕೂತಿತು. ಆರು ಸಾವಿರದ ಬುದ್ಧಿವಂತಿಕೆಗೆ ಇದು ಹೊಳೆಯಲಿಲ್ಲವೆಂದರೆ ನಂಬಬೇಕೆ?

ಹೀಗೆ ಎಲ್ಲ ಬಾಗಿಲು ಮುಚ್ಚಿದ ಶೂ ಕೊನೆಗೆ ಬರುವುದು ಬಸ್ ಸ್ಟ್ಯಾಂಡ್ ಪಕ್ಕ ನೀಲಿ ತಾಡಪತ್ರೆಯ ಕೆಳಗೆ ಕೂತ ಶೂ ರಿಪೇರಿಯವನ ಹತ್ತಿರ. ಅವನ ತಪಾಸಣೆಯ ಯಂತ್ರ ಹೆಬ್ಬೆರಳಿನ ಉಗುರು. ಸೋಲಿನ ಪಕ್ಕೆಗೆ ಒತ್ತಿದಾಗ ತಗ್ಗು ಬಿದ್ದು ಮೇಲೆದ್ದರೆ ಜೀವ ಇದೆ. ಉಗುರಿಗೆ ಅಂಟಿದರೆ, ಪುಡಿ ಉದುರಿದರೆ ಇಲ್ಲ. ಸತ್ತದ್ದಕ್ಕೆ ಎಂಥ ಗಮ್ ಹಚ್ಚಿದರೂ ಪುಡಿಗೆ ಪುಡಿ ಅಂಟೀತೇ ಹೊರತು ಶೂಗೆ ಸೋಲ್ ಅಂಟದು. ಅದಕ್ಕೇ ಹಳೇ ಫೋಮಿನ ಒಂದು ಕಾಳೂ ಉಳಿಯದಂತೆ ಚರ್ಮ ಕೊಯ್ಯುವ ರಂಪಿಗೆಯಲ್ಲಿ ಹೆರೆಯಬೇಕು, ಆಮೇಲೆ 60 ನಂಬರಿನ ಪಾಲಿಶ್ ಪೇಪರಿನಿಂದ ಚರ್ಮದ ಅಂಚನ್ನು ನಾರೇಳುವಷ್ಟು ಉಜ್ಜಬೇಕು. ಅವಸರ ಮಾಡಿದರೆ ಹೊಲಿಗೆಯ ದಾರವೇ ಹರಿಯುತ್ತದೆ. ಹೊಸ ಸೋಲ್ ರಬ್ಬರಿನದಾದರೆ ಅದರ ಹೊಳಪು ತೆಗೆಯಬೇಕು. ಟಿಪಿಆರ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿಗೆ, ಗಮ್ ಹಿಡಿಯಲೆಂದು ಮೊದಲೇ ಹಚ್ಚುವ ಪ್ರೈಮರ್ ಒಂದು, ಇವಿಎ ಎಂಬ ಹಗುರ ಫೋಮಿಗೆ ಇನ್ನೊಂದು. ಪ್ರೈಮರ್ ಹಚ್ಚದೆ ದುಡ್ಡು ಉಳಿಸಿದರೆ ವಾರದೊಳಗೆ ಸೋಲ್ ಬಾಳೆಹಣ್ಣಿನ ಸಿಪ್ಪೆ.

ಗಮ್ ಎರಡೂ ಕಡೆ ತೆಳ್ಳಗೆ, ಎರಡು ಸಲ. ಪ್ರತಿ ಸಲ ಹದಿನೈದು ಇಪ್ಪತ್ತು ನಿಮಿಷ ಆರಬೇಕು, ಬೆರಳಿಗೆ ಅಂಟಬಾರದು. ಆಮೇಲೆ ಬಿಸಿಗಾಳಿ ಹಿಡಿದು, ಅರವತ್ತು ಎಪ್ಪತ್ತು ಡಿಗ್ರಿಗೆ ಗಮ್ ಮತ್ತೆ ಜೀವ ಪಡೆದಾಗ ಒಂದೇ ಸಲಕ್ಕೆ ಸರಿಯಾಗಿ ಕೂರಿಸಿ, ಮೂರು ಕಾಲಿನ ಕಬ್ಬಿಣದ ಅಚ್ಚಿನ ಮೇಲೆ ಬಡಿದು, ಬಿಗಿದು ಒಂದು ದಿನ ಬಿಡಬೇಕು. ಜುಲೈನಲ್ಲಿ ಇಷ್ಟೂ ಮಾಡಿದರೂ ಕೈಕೊಡುವುದುಂಟು. ಗಮ್ಮಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಕನ್ನಡಕದ ಮೇಲಿನ ಮಂಜಿನ ಹಾಗೆ ಅದರ ಮೇಲೆ ಕೂರುತ್ತದೆ. ಅದನ್ನು ಬಿಸಿ ಹಿಡಿದು ಓಡಿಸದೆ ಅಂಟಿಸಿದರೆ ಐದು ರಸ್ತೆ ದಾಟುವುದರೊಳಗೆ ಬಾಯಿ ಬಿಡುತ್ತದೆ.

ಪಕ್ಕೆ ಗಟ್ಟಿ ಇರುವ ರಬ್ಬರ್ ಸೋಲಾದರೆ ಸುತ್ತಲೂ ನೈಲಾನ್ ದಾರದ ಹೊಲಿಗೆ. ದಾರ ಕೂರಲು ಮೊದಲೇ ಸಣ್ಣ ಕಾಲುವೆ ಕೊರೆದಿರಬೇಕು. ಹೊರಗೆ ಉಬ್ಬಿಕೊಂಡಿದ್ದರೆ ಚಿರೇಕಲ್ಲಿನ ಮೆಟ್ಟಿಲುಗಳು ಅದನ್ನು ತಿಂದು ಮುಗಿಸುತ್ತವೆ. ಮೆತ್ತನೆ ಫೋಮಿನ ಓಟದ ಶೂಗೆ ‘ಗಟ್ಟಿಯಾಗಿ ಹೊಲಿ’ ಎಂದು ಹಟ ಹಿಡಿಯುವವರಿದ್ದಾರೆ. ಅಲ್ಲಿ ದಾರ ಹಿಡಿಯುವುದಿಲ್ಲ, ಕೊಯ್ಯುತ್ತದೆ. ಒಂದೇ ಕಾಲಿನದು ಹೋಗಿದೆ, ಅದೊಂದನ್ನೇ ಹಾಕು ಎನ್ನುವ ಲೆಕ್ಕಾಚಾರಸ್ಥರೂ ಇದ್ದಾರೆ. ಹಾಗೆ ಹಾಕಿಸಿಕೊಂಡವರ ನಡಿಗೆ ಯಕ್ಷಗಾನದ ಹಾಸ್ಯಗಾರನ ಪ್ರವೇಶದಂತಿರುತ್ತದೆ. ಮನೆಯಲ್ಲೇ ಐದು ರೂಪಾಯಿಯ ಕ್ವಿಕ್ ಗಮ್ ಸುರಿದು ತಂದವರದ್ದು ಬೇರೆಯೇ ಗೋಳು. ಅದು ಗಾಜಿನ ಹಾಗೆ ಗಟ್ಟಿಯಾಗಿ, ಬೆರಳು ಮಡಚುವ ಜಾಗದಲ್ಲಿ ಚಟ್ ಎಂದಿರುತ್ತದೆ. ಮೊದಲು ಅದನ್ನು ಉಜ್ಜಿ ತೆಗೆಯಲು ಅರ್ಧ ಗಂಟೆ. ಆ ಅರ್ಧ ಗಂಟೆಗೆ ದುಡ್ಡು ಕೇಳಿದರೆ ಜಗಳ.

ಇಂಥದ್ದೇ ಸೋಲ್ ಉದುರಿದ ಶೂ ಹಿಡಿದು ಬಂದ ಹೆಗಡೇರು ಕೇಳಿದರು: ‘ಎಷ್ಟಾಗ್ತು?’

‘ಎರಡೂ ಕಾಲಿಗೆ ನಾನೂರೈವತ್ತು, ನಾಡಿದ್ದು ಬರ್ರಾ.’

‘ಎಂಥದು, ನಾನೂರೈವತ್ತು? ಇನ್ನೂರು ಕೊಡ್ತೆ, ಸಂಜೆಗೆ ಬೇಕು.’

ಇಲ್ಲಿಗೆ ಬಂದಾಗ ತಮಾಷೆ ಬಾಯಿಗೆ ಬರುವುದಿಲ್ಲ. ಶೋರೂಮಿನಲ್ಲಿ ಆರು ಸಾವಿರವನ್ನು ಕಾರ್ಡು ಉಜ್ಜಿ ಕೊಟ್ಟವರು, ಅಲ್ಲಿ ‘ಸ್ವಲ್ಪ ನೋಡಿ’ ಎಂದು ಹಲ್ಲು ಗಿಂಜಲೂ ನಾಚಿದವರು, ಇಲ್ಲಿ ಬಿಸಿಲಲ್ಲಿ ಕೂತವನ ಮುಂದೆ ಇನ್ನೂರೈವತ್ತಕ್ಕೆ ಗಂಟಲು ಹರಿದುಕೊಳ್ಳುತ್ತಾರೆ. ಸೋಲ್, ಗಮ್, ಪ್ರೈಮರ್ ಎಲ್ಲ ಹುಬ್ಬಳ್ಳಿಯಿಂದ ಅವನ ದುಡ್ಡಲ್ಲೇ ಬರಬೇಕು. ಕುಶಲಕರ್ಮಿಗಳಿಗೆಂದು ಕೇಂದ್ರ ತಂದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಅವನದೂ ಇದೆ, ಉಪಕರಣಕ್ಕೆ 15,000 ರೂಪಾಯಿಯೂ ಉಂಟು. ಒಳ್ಳೆಯದೇ. ಆದರೆ ಬಿಚ್ಚಲಿಕ್ಕೇ ಆಗದಂತೆ ಎರಕ ಹೊಯ್ದ ಶೂವನ್ನು ಯಾವ ಉಪಕರಣದಿಂದ ಬಿಚ್ಚಬೇಕು? ಆ ಉಪಕರಣ ಇಡಲು ಜಾಗ ಯಾವುದು? ಸಾಹೇಬರು ಊರಿಗೆ ಬರುವ ದಿನ ಫುಟ್‌ಪಾತ್ ತೆರವಾದರೆ ಮೊದಲು ಏಳುವುದು ಅವನದೇ ತಾಡಪತ್ರೆ. ಶೋರೂಮಿನ ಮೆಟ್ಟಿಲು ಅದೇ ಫುಟ್‌ಪಾತಿಗೆ ಎರಡಡಿ ಚಾಚಿದ್ದರೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹೆಗಡೇರು ಇನ್ನೂರರ ಮೇಲೆ ಏರಲಿಲ್ಲ. ‘ಬ್ಯಾಡ ಬಿಡು, ಎಕ್ಸ್‌ಚೇಂಜಿಗೇ ಕೊಡ್ತೆ’ ಎಂದು ಶೂ ಚೀಲಕ್ಕೆ ತುರುಕಿದರು. ಕೂತವನು ಕೆಳಗೆ ಬಿದ್ದ ಪುಡಿಯನ್ನು ಅಂಗೈಯಲ್ಲಿ ಗುಡಿಸುತ್ತ ಹೇಳಿದ: ‘ಲೇಸ್ ಬಿಚ್ಚಿಟ್ಟು ಹೋಗ್ರಾ. ಅದೊಂದು ಗಟ್ಟಿ ಇದ್ದು.’